ಐಎಲ್-6 ಎಲೈಸಾ ಕಿಟ್: ಶಿವಮೊಗ್ಗದ ಸೆಕೆಗೂ ಮಲೆನಾಡಿನ ಮಳೆಗೂ ಹೊಂದುತ್ತದೆಯೇ?

ಸೀರಂನಲ್ಲಿ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ತಿಳಿದ್ರವ) ಉರಿಯೂತದ ಸಂಕೇತ ಒಯ್ಯುವ ಪ್ರೋಟೀನ್ ಇಂಟರ್‌ಲ್ಯೂಕಿನ್-6 (ಐಎಲ್-6) ಎಷ್ಟಿದೆ ಎಂದು ಅಳೆಯುವ 96 ವೆಲ್‌ಗಳ (ಪುಟ್ಟ ಗುಳಿಗಳ) ಸ್ಯಾಂಡ್‌ವಿಚ್ ಎಲೈಸಾ ಕಿಟ್ ಇದು: ಎರಡು ಪ್ರತಿಕಾಯಗಳು ಐಎಲ್-6 ಅನ್ನು ನಡುವೆ ಹಿಡಿಯುತ್ತವೆ, ಅದರ ಪ್ರಮಾಣಕ್ಕೆ ತಕ್ಕಂತೆ ಬಣ್ಣ ಬರುತ್ತದೆ. ಅಳತೆ ಚೆನ್ನಾಗಿಯೇ ಬರುತ್ತದೆ, ಹವೆ ಕೈಕೊಡದಿದ್ದರೆ.

ಕೈಪಿಡಿಯ ‘ರೂಂ ಟೆಂಪರೇಚರ್’ ಅಂದರೆ 20–25 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಶಿವಮೊಗ್ಗದಲ್ಲಿ ಎಸಿ ಇಲ್ಲದ ಕೋಣೆ ಅಷ್ಟು ತಣ್ಣಗಿರುವುದುಂಟೇ? ಐಎಲ್-6 ಇಲ್ಲದ, ಬಣ್ಣ ಬರಬಾರದ ಬ್ಲ್ಯಾಂಕ್ ವೆಲ್ಲೂ ನೀಲಿಯಾಗುತ್ತದೆ. ತೀರ್ಥಹಳ್ಳಿ, ಆಗುಂಬೆ ಕಡೆ ಮಳೆಗಾಲದ ಕಾಟವೇ ಬೇರೆ: ಫ್ರಿಜ್‌ನಿಂದ ತೆಗೆದ ಪೌಚನ್ನು ತಕ್ಷಣ ಬಿಚ್ಚಿದರೆ ತಣ್ಣಗಿನ ಸ್ಟ್ರಿಪ್ (ವೆಲ್‌ಗಳ ಸಾಲು) ಮೇಲೆ ನೀರು ಬೆವರುತ್ತದೆ. ಅರ್ಧ ಗಂಟೆ ಹೊರಗಿಟ್ಟು ಬಿಚ್ಚಿ; ಉಳಿದ ಸ್ಟ್ರಿಪ್‌ಗಳನ್ನು ಸಿಲಿಕಾ ಜೆಲ್ ಸಮೇತ ಮುಚ್ಚಿಡಿ.

ಸ್ಯಾಂಪಲ್ 100 ಮೈಕ್ರೋಲೀಟರ್, 2 ಗಂಟೆ. ಆಮೇಲೆ ಬಯೋಟಿನ್ ಪ್ರತಿಕಾಯ 1 ಗಂಟೆ, ಬಯೋಟಿನ್‌ಗೆ ಅಂಟುವ ಸ್ಟ್ರೆಪ್ಟಾವಿಡಿನ್-ಎಚ್‌ಆರ್‌ಪಿ (ಎಚ್‌ಆರ್‌ಪಿ ಬಣ್ಣ ಬರಿಸುವ ಕಿಣ್ವ) 30 ನಿಮಿಷ, ಆ ಕಿಣ್ವದಿಂದ ನೀಲಿಯಾಗುವ ಟಿಎಂಬಿ ಕತ್ತಲಲ್ಲಿ 15 ನಿಮಿಷ. ಆಸಿಡ್ ಬಿದ್ದೊಡನೆ ನೀಲಿ ಹಳದಿಗೆ ತಿರುಗುತ್ತದೆ. 450 ನ್ಯಾನೋಮೀಟರ್‌ನಲ್ಲಿ ಓದಬೇಕು. ಹೆಚ್ಚಿನ ರನ್‌ಗಳು ಕೆಡುವುದು ಹಂತಗಳ ನಡುವಿನ ವಾಶ್‌ನಲ್ಲಿ. ಪ್ರತಿ ಸಲ 300 ಮೈಕ್ರೋಲೀಟರ್ ತುಂಬಿ, ಚೆಲ್ಲಿ, ಪ್ಲೇಟನ್ನು ಟಿಶ್ಯೂ ಮೇಲೆ ಬೋರಲು ಬಡಿಯಿರಿ. ಬಫರ್‌ನಲ್ಲಿ ಸೋಡಿಯಂ ಅಜೈಡ್ ಇದ್ದರೆ ಎಚ್‌ಆರ್‌ಪಿ ಸತ್ತು ಬಣ್ಣವೇ ಬರದು. ಸಂಧಿವಾತದ ರೋಗಿಗಳಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿಕಾಯ ಕಿಟ್‌ನ ಎರಡೂ ಪ್ರತಿಕಾಯಗಳಿಗೆ ಸೇತುವೆ ಕಟ್ಟಿ ಸುಳ್ಳೇ ಹೆಚ್ಚು ತೋರಿಸಬಹುದು.

ದೊಡ್ಡ ತಕರಾರು ಬೇರೆ. ಐಎಲ್-6 ರಕ್ತದಲ್ಲಿದ್ದ ಮಾತ್ರಕ್ಕೆ ಕೆಲಸ ಆಗಿಬಿಡುವುದಿಲ್ಲ. ಅದು ಮೊದಲು ತನ್ನ ರಿಸೆಪ್ಟರ್ (ಸಂಕೇತ ಹಿಡಿಯುವ ಪ್ರೋಟೀನ್) ಮೇಲೆ ಕೂರಬೇಕು, ಆ ಜೋಡಿ ಜಿಪಿ130 ಎಂಬ ಇನ್ನೊಂದು ಪ್ರೋಟೀನನ್ನು ಎಳೆದುಕೊಳ್ಳಬೇಕು. ಆಗ ಜೀವಕೋಶದ ಒಳಗಿನ ಜಾಕ್ ಕಿಣ್ವಗಳು ಸ್ಟ್ಯಾಟ್3 ಎಂಬ ಪ್ರೋಟೀನ್‌ಗೆ ಫಾಸ್ಫೇಟ್ ಅಂಟಿಸುತ್ತವೆ. ಸ್ಟ್ಯಾಟ್3 ಜೋಡಿಯಾಗಿ ನ್ಯೂಕ್ಲಿಯಸ್ ಸೇರಿದ ಮೇಲೆ ಯಕೃತ್ತು ಉರಿಯೂತದ ಗುರುತಾದ ಸಿಆರ್‌ಪಿ ಪ್ರೋಟೀನ್ ತಯಾರಿಸುತ್ತದೆ. ಜೊತೆಗೆ ಸಾಕ್ಸ್3 ಎಂಬ ಬ್ರೇಕೂ ಹುಟ್ಟುತ್ತದೆ. ಕಿಟ್‌ಗೆ ಕಾಣುವುದು ಮೊದಲ ಕೊಂಡಿ ಮಾತ್ರ.

ಟೊಸಿಲಿಜುಮಾಬ್ ಕೊಟ್ಟವರಲ್ಲಿ ಇದು ಎದ್ದು ಕಾಣುತ್ತದೆ. ಔಷಧ ರಿಸೆಪ್ಟರ್‌ಗೆ ಅಡ್ಡ ಕೂತಿರುವುದರಿಂದ ಐಎಲ್-6 ಜೀವಕೋಶದೊಳಗೆ ಹೋಗಿ ಕರಗುವುದು ತಪ್ಪಿ ರಕ್ತದಲ್ಲೇ ಏರುತ್ತದೆ. ಸಿಆರ್‌ಪಿ ಮಾತ್ರ ಇಳಿಯುತ್ತದೆ. ಕಿಟ್‌ನ ಅಂಕಿಯೊಂದನ್ನೇ ನೋಡಿದವರು ಔಷಧ ಕೆಲಸ ಮಾಡಲಿಲ್ಲ ಅಂದುಕೊಳ್ಳುತ್ತಾರೆ! ಸಂಕೇತ ನಿಜಕ್ಕೂ ಒಳಗೆ ಮುಟ್ಟಿತೇ ಎಂದು ತಿಳಿಯಲು ಜೀವಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್‌ನಲ್ಲಿ ಫಾಸ್ಫೋ-ಸ್ಟ್ಯಾಟ್3 (ಫಾಸ್ಫೇಟ್ ಅಂಟಿದ ಸ್ಟ್ಯಾಟ್3) ನೋಡಬೇಕು. ಅಂದಹಾಗೆ, ಜ್ವರ ಮಂಗನ ಕಾಯಿಲೆಯದೋ ಇಲಿಜ್ವರದ್ದೋ ಎಂದು ಈ ಕಿಟ್ ಹೇಳದು.

ಪ್ರತಿ ರನ್‌ಗೂ ಸ್ಟ್ಯಾಂಡರ್ಡ್ (ಐಎಲ್-6 ಪ್ರಮಾಣ ಗೊತ್ತಿರುವ ದ್ರಾವಣ), ಬ್ಲ್ಯಾಂಕ್‌ಗೇ ಜೋಡಿಯಾಗಿ 16 ವೆಲ್ ಹೋಗುತ್ತವೆ. ಉಳಿದ 80ರಲ್ಲಿ 40 ಸ್ಯಾಂಪಲ್. ವಾರಕ್ಕೆ ನಾಲ್ಕೈದು ಸ್ಯಾಂಪಲ್ ಬರುವ ಲ್ಯಾಬ್ ಸೀರಂ ಬೇರ್ಪಡಿಸಿ ಮೈನಸ್ 80 ಡಿಗ್ರಿಯಲ್ಲಿ ಕೂಡಿಟ್ಟು ಒಟ್ಟಿಗೆ ಮಾಡುವುದೇ ಲೇಸು. ಆ ಫ್ರೀಜರ್ ಇಲ್ಲದಿದ್ದರೆ ಕಿಟ್ ಕೊಳ್ಳಬೇಡಿ.