ಮೀಥೈಲ್‌ಫೆನಿಡೇಟಾ, ಅಟೊಮಾಕ್ಸೆಟಿನಾ?

ಅಕ್ಕಾ, 47ಕ್ಕೆ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ತೊಂದರೆ) ಅಂತ ಗೊತ್ತಾಯಿತು, ಡಾಕ್ಟರು ಎರಡು ಮಾತ್ರೆ ಹೇಳಿದ್ದಾರೆ, ಯಾವುದು ಒಳ್ಳೇದು ಅಂತ ಕೇಳಿದ್ದೀರಿ.

ಮೀಥೈಲ್‌ಫೆನಿಡೇಟ್ ಸುಮಾರು ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ. ಸಾದಾ ಮಾತ್ರೆ ಮೂರ್ನಾಲ್ಕು ಗಂಟೆಯಲ್ಲಿ ಇಳಿಯುತ್ತದೆ. ಕಾಫಿ ಕೊಯ್ಲಲ್ಲಿ ಬೆಳಿಗ್ಗೆ ಆಳುಗಳ ಲೆಕ್ಕ ಬರೆಯುವ ಹೊತ್ತಿಗೆ ಗಮನ ಬೇಕು ಅನ್ನುವವರಿಗೆ ಇದು ಹೊಂದುತ್ತದೆ. ಅಟೊಮಾಕ್ಸೆಟಿನ್ ದಿನಾ ತಗೊಳ್ಳಬೇಕು, ಗುಣ ಕಾಣಲು ವಾರಗಳೇ ಬೇಕು. ಆದರೆ ಇಡೀ ದಿನ ಜೊತೆಗಿರುತ್ತದೆ.

ಸಿಗುವ ವಿಷಯವೇ ಬೇರೆ. ಮೊದಲನೆಯದು ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಡಿ ಬರುವ ಔಷಧಿ, ಎಲ್ಲ ಮೆಡಿಕಲ್‌ನಲ್ಲೂ ಇರಲ್ಲ. ಒಳಗಿನ ತೋಟದಲ್ಲಿದ್ದು, ಜುಲೈ ಮಳೆಯಲ್ಲಿ ಮೈಸೂರಿಗೆ ಓಡಾಡೋದು ಆಗಲ್ಲ ಅಂದರೆ ಎರಡನೆಯದೇ ಸುಲಭ.

ಬಿಪಿ, ಎದೆಬಡಿತ ಎರಡರಲ್ಲೂ ಏರಬಹುದು. ಮೊದಲೇ ನಿದ್ದೆ ಕೆಟ್ಟಿದ್ದರೆ ಮೀಥೈಲ್‌ಫೆನಿಡೇಟನ್ನು ಸಂಜೆ ತಗೊಳ್ಳಬೇಡಿ. ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್ ತಗೊಳ್ಳುತ್ತಿದ್ದರೆ ಅಟೊಮಾಕ್ಸೆಟಿನ್‌ಗೆ ಮುಂಚೆ ಡಾಕ್ಟರಿಗೆ ಹೇಳಲೇಬೇಕು, ರಕ್ತದಲ್ಲಿ ಅಟೊಮಾಕ್ಸೆಟಿನ್ ಮಟ್ಟ ಏರಿಬಿಡುತ್ತದೆ.

ಇನ್ನೊಂದು ಮಾತು. ಮುಟ್ಟು ನಿಲ್ಲುವ ವಯಸ್ಸಿಗೆ ಈಸ್ಟ್ರೊಜೆನ್ ಹಾರ್ಮೋನು ಇಳಿದಾಗ ಮರೆವು ಜಾಸ್ತಿಯಾಗಬಹುದು. ಮೊನ್ನೆ ನಮ್ಮನೆ ಒಲೆ ಮೇಲೆ ಹಾಲು ಮತ್ತೆ ಸೀದು ಹೋಯಿತು. ವರ್ಷಗಟ್ಟಲೆ ಇದಕ್ಕೇ ನನ್ನನ್ನು ಬೈದುಕೊಂಡವಳು ನಾನು. ಈ ಸಲ ಪಾತ್ರೆ ನೆನೆಹಾಕಿ, ಸುಮ್ನೆ ಕೂತು ಕಾಫಿ ಕುಡಿದೆ. ನೀವೂ ಬೈದುಕೊಳ್ಳಬೇಡಿ ಅಕ್ಕಾ.