ಹಳೆ ಪದ್ಮಿನಿ ಕಾರಿಗೆ ಬೇರೆ ಇಂಜಿನ್ ಕೂರಿಸುವ ಮುಂಚೆ ಇದನ್ನು ಓದಿ

ಉಡುಪಿ, ಮಂಗಳೂರು ಕಡೆ ಹಳೆ ಫಿಯಟ್, ಅಂಬಾಸಿಡರ್ ಇಟ್ಟುಕೊಂಡವರಿಗೆ ಈ ಬರಹ. ಯಾರಾದರೂ ಬಂದು "ಇದಕ್ಕೆ ಜಿಪ್ಸಿ ಇಂಜಿನ್ ಕೂರಿಸಿ ಕೊಡ್ತೇನೆ, ನಿಮ್ಮ ಅಂಗಳದಲ್ಲೇ ಕೆಲಸ ಮುಗಿಸ್ತೇನೆ" ಎಂದರೆ ದಯವಿಟ್ಟು ಒಪ್ಪಬೇಡಿ. ನಮ್ಮ ಮನೆಯಲ್ಲಿ ಇದು ನಡೆದಿದೆ. ಓಡುತ್ತಿದ್ದ ಗಾಡಿಗೆ ಬೆಂಕಿ ಹತ್ತಿತು. ಅಣ್ಣನ ಕೈ ಸುಟ್ಟಿತು. ಅದೇ ಮೆಕ್ಯಾನಿಕ್ ಈಗ ಕಾಪು ಕಡೆ ಇನ್ನೊಂದು ಮನೆಯಲ್ಲಿ ಇಂಥದ್ದೇ ಕೆಲಸ ಹಿಡಿದಿದ್ದಾರೆ ಎಂದು ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಹೆಸರಿಗಿಂತ ಅವರು ಮಾಡಿದ ಕೆಲಸ ಏನು ಎಂದು ಗೊತ್ತಾಗುವುದು ಮುಖ್ಯ. ಹೀಗೆ ಮಾಡುವವರು ಅವರೊಬ್ಬರೇ ಅಲ್ಲ.

ಕಾರು ನಮ್ಮ ಮಾವನದು. 1974ರ ಪ್ರೀಮಿಯರ್ ಪದ್ಮಿನಿ, ಜನ ಫಿಯಟ್ ಎಂದೇ ಕರೆಯುವ ಗಾಡಿ. ಸ್ಟೀರಿಂಗ್ ಪಕ್ಕದಲ್ಲೇ ಗೇರ್, ಮುಂದೆ ಉದ್ದದ ಒಂದೇ ಸೀಟು. ಮಾವ ತೀರಿಕೊಂಡ ಮೇಲೆ ಕಟಪಾಡಿಯ ಮನೆಯಲ್ಲಿ ಅತ್ತೆ ಅದನ್ನು ಮಾರದೆ ಇಟ್ಟುಕೊಂಡಿದ್ದರು. ನೋಡಿಕೊಳ್ಳುತ್ತಿದ್ದವನು ಅಣ್ಣ. ಇಂಜಿನ್ ಹೊಗೆ ಬಿಡಲು ಶುರುವಾಗಿತ್ತು. ಉಡುಪಿಯಿಂದ ಮಣಿಪಾಲದ ಏರು ಹತ್ತುವಾಗ ಬಿಸಿಯಾಗಿ ನಿಲ್ಲುತ್ತಿತ್ತು. ಆಗ ಬಂದವರು ಈ ಮೆಕ್ಯಾನಿಕ್. "ಇದರ ಸ್ಪೇರ್ ಎಲ್ಲಿಯೂ ಸಿಗುದಿಲ್ಲ ಮಾರಾಯ್ರೆ. ಜಿಪ್ಸಿ ಇಂಜಿನ್ ಹಾಕುವ. ಎಂತ ಆಗುದಿಲ್ಲ, ನಾನುಂಟಲ್ಲ" ಎಂದರು.

ಸ್ಪೇರ್ ಸಿಗುವುದಿಲ್ಲ ಎಂಬ ಮಾತೇ ಸುಳ್ಳು. ಪದ್ಮಿನಿ 2000ದ ತನಕ ತಯಾರಾದ ಗಾಡಿ. ಮುಂಬೈಯಲ್ಲಿ 2023ರವರೆಗೂ ಟ್ಯಾಕ್ಸಿಯಾಗಿ ಓಡಿದೆ. ಪಿಸ್ಟನ್, ರಿಂಗ್, ಬೇರಿಂಗ್, ವಾಲ್ವ್ ಎಲ್ಲವೂ ಹುಡುಕಿದರೆ ಸಿಗುತ್ತವೆ. 1089 ಸಿಸಿಯ ಆ ಇಂಜಿನ್ ತುಂಬಾ ಸರಳ. ಒಳ್ಳೆಯ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಹೆಡ್ ಸ್ಕಿಮ್ ಮಾಡಿಸಿದರೆ ಮತ್ತೆ ಎಷ್ಟೋ ವರ್ಷ ಓಡುತ್ತದೆ. ಏರಿನಲ್ಲಿ ಬಿಸಿಯಾಗುವುದಕ್ಕೆ ಎಷ್ಟೋ ಸಲ ಕಾರಣ ಕಟ್ಟಿಕೊಂಡ ರೇಡಿಯೇಟರ್ ಮತ್ತು ತುಕ್ಕು ತುಂಬಿದ ನೀರಿನ ದಾರಿ. ಅದನ್ನು ತೊಳೆಸಿ ನೋಡೋಣ ಎಂದು ಆ ಮನುಷ್ಯ ಒಂದು ಸಲವೂ ಹೇಳಲಿಲ್ಲ. ಹೇಳಿದ್ದರೆ ಅವರಿಗೆ ಸಿಗುವ ದುಡ್ಡು ಕಡಿಮೆ, ಅಷ್ಟೇ.

ಕೆಲಸ ಮನೆಯಲ್ಲೇ ಶುರುವಾಯಿತು. ಪೋರ್ಟಿಕೊದ ಮರದ ತೊಲೆಗೆ ಚೈನ್ ಪುಲ್ಲಿ ಕಟ್ಟಿದರು. ಗೇರ್‌ಬಾಕ್ಸ್ ಸೇರಿ ನೂರು ಕಿಲೋಗಿಂತ ಜಾಸ್ತಿ ತೂಗುವ ಇಂಜಿನ್ ಅದಕ್ಕೆ ನೇತಾಡುತ್ತಿತ್ತು. ಹಂಚಿನ ಮಾಡಿನ ಭಾರ ಹೊರಲು ಹಾಕಿದ ತೊಲೆ ಅದು. ಗೆದ್ದಲು ಒಳಗೆ ಎಷ್ಟು ತಿಂದಿದೆಯೋ ಯಾರಿಗೆ ಗೊತ್ತು? ಕಾರಿನ ಕೆಳಗೆ ಸ್ಟ್ಯಾಂಡ್ ಬದಲು ಮುರಕಲ್ಲು ಇಟ್ಟಿದ್ದರು. ಮುರಕಲ್ಲು ಗೋಡೆಗೆ ಒಳ್ಳೆಯದು. ಒಂದೇ ಕಡೆ ಭಾರ ಬಿದ್ದರೆ ಬಿರಿಯುತ್ತದೆ. ಅದರ ಮೇಲೆ ನಿಂತ ಕಾರಿನ ಕೆಳಗೆ ಹುಡುಗನೊಬ್ಬ ಮಲಗಿ ಬೋಲ್ಟ್ ಬಿಚ್ಚುತ್ತಿದ್ದ. ಅಣ್ಣ ಜಗಳ ಮಾಡಿ ಅವನನ್ನು ಹೊರಗೆ ಕರೆದು, ಸ್ಟ್ಯಾಂಡ್ ತರಿಸಿದ. ವೆಲ್ಡಿಂಗ್‌ಗೆ ಕೂತಾಗಲೂ ಪೆಟ್ರೋಲ್ ಟ್ಯಾಂಕ್ ಇಳಿಸಿರಲಿಲ್ಲ. "ಟ್ಯಾಂಕ್ ಖಾಲಿ ಉಂಟಲ್ಲ" ಎಂದರು. ಖಾಲಿ ಟ್ಯಾಂಕೇ ಜಾಸ್ತಿ ಅಪಾಯ. ಒಳಗೆ ತುಂಬಿರುವ ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು.

ಪದ್ಮಿನಿಗೆ ಅಡಿಯಲ್ಲಿ ಬೇರೆ ಚಾಸಿ (ಉಕ್ಕಿನ ಚೌಕಟ್ಟು) ಇಲ್ಲ. ತಗಡಿನ ಬಾಡಿಯೇ ಎಲ್ಲ ಭಾರ ಹೊರುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ, ಜೊತೆಗೆ ಉಪ್ಪುಗಾಳಿ. ಐವತ್ತು ವರ್ಷ ಇಲ್ಲಿ ನಿಂತ ಗಾಡಿಯ ತಗಡು ಹೊರಗೆ ಚೆನ್ನಾಗಿ ಕಂಡರೂ ಕೆಳಗೆ ಪೊಳ್ಳಾಗಿರುತ್ತದೆ. ಆ ತಗಡಿಗೆ ಹೊಸ ಮೌಂಟಿಂಗ್ ವೆಲ್ಡ್ ಮಾಡಿದರು. ಗೇರ್‌ಬಾಕ್ಸ್ ಕೂರಲಿಲ್ಲ ಎಂದು ನಡುವಿನ ಟನಲ್ ಕತ್ತರಿಸಿದರು. ನೆಲದಲ್ಲಿ ಗೇರ್ ಲಿವರ್ ಬಂತು. ಮುಂದಿನ ಸೀಟಿನ ನಡುವಿನ ಜಾಗ ಹೋಯಿತು. ಹಿಂದಿನ ಚಕ್ರ ತಿರುಗಿಸುವ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬೆಸೆದರು, ಬ್ಯಾಲೆನ್ಸ್ ಮಾಡಿಸಲಿಲ್ಲ. ಗಾಡಿ ಸ್ವಲ್ಪ ವೇಗ ಹಿಡಿದರೆ ನೆಲವೇ ನಡುಗುತ್ತಿತ್ತು. ಸ್ಪೀಡೋಮೀಟರ್ ಕೇಬಲ್ ಹೊಂದಲಿಲ್ಲ, ಹಾಗೇ ಬಿಟ್ಟರು.

ಇದೆಲ್ಲಕ್ಕಿಂತ ದೊಡ್ಡದು ಬ್ರೇಕ್. ಪದ್ಮಿನಿಯ ಮೂಲ ಇಂಜಿನ್ ಶಕ್ತಿ ಸುಮಾರು 40 ಎಚ್‌ಪಿ. ಜಿಪ್ಸಿಯ 1298 ಸಿಸಿ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ) ಇಂಜಿನ್‌ನದು 80. ಒಂದಕ್ಕೆ ಎರಡು ಪಟ್ಟು. ಬ್ರೇಕ್ ಮಾತ್ರ 1974ರದ್ದೇ. ನಾಲ್ಕೂ ಚಕ್ರಕ್ಕೆ ಡ್ರಮ್, ಕಾಲಿನ ಒತ್ತಡಕ್ಕೆ ಬಲ ಕೊಡುವ ಬೂಸ್ಟರ್ ಇಲ್ಲ. ಮಣಿಪಾಲ ದಾಟಿ ಪರ್ಕಳದ ಕಡೆ ಇಳಿಯುವಾಗ ಅಣ್ಣನಿಗೆ ಅದು ಗೊತ್ತಾಯಿತು. ಮೊದಲು ಬ್ರೇಕ್ ಹಿಡಿಯಿತು. ಸ್ವಲ್ಪ ಕೆಳಗೆ ಬರುವಷ್ಟರಲ್ಲಿ ಡ್ರಮ್ ಕಾದು, ಎಷ್ಟು ಒತ್ತಿದರೂ ಗಾಡಿ ನಿಧಾನ ಆಗಲಿಲ್ಲ. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ "ಲೈನರ್ ಸೆಟ್ ಆಗ್ಲಿಕ್ಕೆ ಟೈಮ್ ಬೇಕು ಅಣ್ಣಾ" ಎಂಬ ಉತ್ತರ. ಅಲ್ಲಿಗೆ ಅಣ್ಣ ಗಾಡಿ ವಾಪಸ್ ಕೊಟ್ಟ. ಬ್ರೇಕ್ ಸರಿ ಮಾಡಿದ್ದೇವೆ ಎಂದು ಹೇಳಿ ತಂದು ಬಿಟ್ಟುಹೋದರು.

ಬೆಂಕಿ ಹತ್ತಿದ್ದು ಅದಾದ ಮೇಲೆ, ಇಂದ್ರಾಳಿ ಹತ್ತಿರ. ಅತ್ತೆಯನ್ನು ಮಣಿಪಾಲಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆವು. ನಾನು ಹಿಂದೆ ಕೂತಿದ್ದೆ. ಪೆಟ್ರೋಲ್ ವಾಸನೆ ಬಂತು. ಇಂಜಿನ್ ಒಂದೆರಡು ಸಲ ಎಳೆದು ಬಂದ್ ಬಿತ್ತು. ಬಾನೆಟ್ ಸಂದಿಯಿಂದ ಹೊಗೆ. ಪಕ್ಕದಲ್ಲಿ ಬರುತ್ತಿದ್ದ ರಿಕ್ಷಾದವರು "ಜಪ್ಪುಲೆ, ಬೇಗ ಜಪ್ಪುಲೆ" (ಇಳಿಯಿರಿ, ಬೇಗ ಇಳಿಯಿರಿ) ಎಂದು ತುಳುವಿನಲ್ಲಿ ಕೂಗಿಕೊಂಡರು. ಅತ್ತೆಯನ್ನು ಇಳಿಸಿ ದೂರ ಕರೆದುಕೊಂಡು ಹೋದೆ. ಅಣ್ಣ ಬಾನೆಟ್ ಎತ್ತಿದ. ಎತ್ತಿದ ಕೂಡಲೇ ಗಾಳಿ ನುಗ್ಗಿ ಬೆಂಕಿ ಭಗ್ ಎಂದಿತು. ಅವನ ಬಲಗೈ ಮೊಣಕೈವರೆಗೆ ಸುಟ್ಟಿತು. ಇಂಜಿನ್ ನಿಂತಿದ್ದರೂ ಬೆಂಕಿಗೆ ಮೇಲಿಂದ ಮೇಲೆ ಪೆಟ್ರೋಲ್ ಬೀಳುತ್ತಲೇ ಇತ್ತು. ರಿಕ್ಷಾದವರೇ ಕೈ ಹಾಕಿ ಕೀ ತಿರುಗಿಸಿದರು. ಆಗ ಅದು ನಿಂತಿತು. ಪಕ್ಕದಲ್ಲಿ ಕಟ್ಟಡದ ಕೆಲಸಕ್ಕೆ ಹಾಕಿದ್ದ ಹೊಯಿಗೆ (ಮರಳು) ಎರಚಿ ಬೆಂಕಿ ಆರಿಸಿದರು. ಅವರ ಹೆಸರು ಕೇಳುವ ಪರಿಸ್ಥಿತಿಯಲ್ಲಿ ನಾವು ಇರಲಿಲ್ಲ. ಇದನ್ನು ಓದಿದರೆ ನಮ್ಮ ನಮಸ್ಕಾರ ಅವರಿಗೆ ಮುಟ್ಟಲಿ.

ಇಂಜಿನ್ ನಿಂತ ಮೇಲೂ ಪೆಟ್ರೋಲ್ ಹೇಗೆ ಬರುತ್ತಿತ್ತು? ಈ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ. ಮಂಗಳೂರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದು ನೋಡಿ ಬಿಡಿಸಿ ಹೇಳಿದರು. ಈ ಭಾಗವನ್ನು ಮಾತ್ರ ಗಮನ ಕೊಟ್ಟು ಓದಿ.

ಪದ್ಮಿನಿಯಲ್ಲಿ ಪೆಟ್ರೋಲ್ ಪಂಪ್ ಇಂಜಿನ್‌ಗೇ ಕೂತಿರುತ್ತದೆ. ಇಂಜಿನ್ ತಿರುಗಿದರೆ ಪಂಪ್ ಓಡುತ್ತದೆ, ಇಂಜಿನ್ ನಿಂತರೆ ಅದೂ ನಿಲ್ಲುತ್ತದೆ. ಪೈಪಿನಲ್ಲಿ ಒತ್ತಡವೂ ತೀರಾ ಕಡಿಮೆ. ಎಂಪಿಎಫ್‌ಐ ಇಂಜಿನ್‌ಗೆ ಕರೆಂಟಿನ ಪಂಪ್ ಬೇಕು. ಒತ್ತಡ ಸುಮಾರು 3 ಬಾರ್, ಹಳೆಯದರ 10 ಪಟ್ಟಿನಷ್ಟು. ನಮ್ಮ ಗಾಡಿಯಲ್ಲಿ ಆ ಹೊಸ ಪಂಪಿಗೆ ಕಾರ್ಬುರೇಟರ್ ಗಾಡಿಯ ಸಾದಾ ರಬ್ಬರ್ ಪೈಪ್ ಸಿಕ್ಕಿಸಿ, ಮಾಮೂಲಿ ಕ್ಲಿಪ್ ಬಿಗಿದಿದ್ದರು. ಎಂಪಿಎಫ್‌ಐಗೆ ಬೇರೆಯದೇ ಪೈಪ್ ಬರುತ್ತದೆ. ಅದರ ಮೇಲೆ ಜೆ30 ಆರ್9 ಎಂದು ಅಚ್ಚಾಗಿರುತ್ತದೆ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20 ಶೇಕಡಾ ಎಥನಾಲ್ ಬೇರೆ ಇದೆ. ಹಳೆ ಕಾಲದ ರಬ್ಬರ್ ಅದಕ್ಕೆ ಉಬ್ಬುತ್ತದೆ, ಬಿರುಕು ಬಿಡುತ್ತದೆ. (ಮೂಲ ಇಂಜಿನ್ ಇರುವ ಹಳೆ ಗಾಡಿಯವರೂ ಪೈಪ್ ಬದಲಿಸಿಕೊಳ್ಳಿ.) ಆ ಪೈಪ್ ಹೋಗಿದ್ದು ಸೈಲೆನ್ಸರ್ ಮ್ಯಾನಿಫೋಲ್ಡ್ ಮೇಲಿಂದ. ಕ್ಲಿಪ್ ಹತ್ತಿರ ಬಿರಿದು, ಕಾದ ಕಬ್ಬಿಣದ ಮೇಲೆ ಪೆಟ್ರೋಲ್ ಚಿಮ್ಮಿದೆ.

ಇಷ್ಟಾದರೂ ಇಂಜಿನ್ ನಿಂತ ಕೂಡಲೇ ಪಂಪ್ ನಿಲ್ಲಬೇಕಿತ್ತು. ಇಂಜಿನ್ ತಿರುಗುತ್ತಿಲ್ಲ ಎಂದು ಇಸಿಎಂಗೆ (ಇಂಜಿನ್ ನೋಡಿಕೊಳ್ಳುವ ಕಂಪ್ಯೂಟರ್) ಗೊತ್ತಾದರೆ ಅದೇ ರಿಲೇ (ಕರೆಂಟಿನ ಸ್ವಿಚ್) ಬಿಡಿಸಿ ಪಂಪ್ ನಿಲ್ಲಿಸುತ್ತದೆ. ಕಂಪನಿ ಆ ವ್ಯವಸ್ಥೆ ಮಾಡಿರುವುದೇ ಇಂಥ ಹೊತ್ತಿಗೆ. ನಮ್ಮ ಗಾಡಿಯಲ್ಲಿ ರಿಲೇ ವಯರಿಂಗ್ ತಲೆನೋವು ಎಂದು ಅದನ್ನು ಬಿಟ್ಟು, ಪಂಪಿನ ವಯರನ್ನು ನೇರ ಕೀಗೆ ಕೊಟ್ಟಿದ್ದರು. ಫ್ಯೂಸ್ ಕೂಡ ಇರಲಿಲ್ಲ. ಕೀ ಆನ್ ಇರುವಷ್ಟು ಹೊತ್ತು ಪಂಪ್ ಪೆಟ್ರೋಲ್ ತಳ್ಳುತ್ತಲೇ ಇರುತ್ತದೆ. ಬೆಂಕಿ ಇದ್ದರೂ ತಳ್ಳುತ್ತದೆ. ಅತ್ತೆ ಆ ಗಾಡಿಯಲ್ಲಿ ಕೂತಿದ್ದರು. ಒಂದು ರಿಲೇಯ ಬೆಲೆ ಎಷ್ಟು ಹೇಳಿ?

ಮೆಕ್ಯಾನಿಕ್ ಆಸ್ಪತ್ರೆಗೂ ಬರಲಿಲ್ಲ, ಮನೆಗೂ ಬರಲಿಲ್ಲ. "ನೀವು ರಫ್ ಓಡಿಸಿದ್ದೀರಿ" ಎಂದು ಒಂದು ಮಾತು ಹೇಳಿ ಫೋನ್ ಎತ್ತುವುದನ್ನೇ ಬಿಟ್ಟರು. ಬಿಲ್ ಇಲ್ಲ, ಒಪ್ಪಂದದ ಚೀಟಿ ಇಲ್ಲ. ಒಂದು ಲಕ್ಷ ದಾಟಿದ ದುಡ್ಡಿಗೆ ದಾಖಲೆಯೇ ಇಲ್ಲ.

ಗಾಡಿ ಮತ್ತೆ ಮೊದಲಿನ ಹಾಗೆ ಮಾಡೋಣ ಎಂದರೆ ಹಳೆ ಇಂಜಿನ್ ಇಲ್ಲ. ಕೂಲಿಯಲ್ಲಿ ಕಳೆಯುತ್ತೇನೆ ಎಂದು ಅದನ್ನು ಮೊದಲೇ ತೆಗೆದುಕೊಂಡು ಹೋಗಿದ್ದರು. ಕೇಳಿದಾಗ ಗುಜರಿಗೆ ಹೋಯ್ತು ಎಂದರು. ಅತ್ತೆಗೆ ಬೆಂಕಿಗಿಂತ ಜಾಸ್ತಿ ನೋವಾಗಿದ್ದು ಇದು. ಮಾವ ಪ್ರತಿ ಭಾನುವಾರ ಅದರ ಆಯಿಲ್ ನೋಡುತ್ತಿದ್ದರು.

ಆ ಇಂಜಿನ್ ಮೇಲಿನ ನಂಬರೇ ಆರ್‌ಸಿಯಲ್ಲಿರುವ ನಂಬರ್. ಹದಿನೈದು ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಆಗಬೇಕು. ಆಗ ಇಂಜಿನ್ ಮತ್ತು ಚಾಸಿ ನಂಬರ್ ತಾಳೆ ನೋಡುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಹೊಸ ರೂಪಕ್ಕೆ ಬಂತು. ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಶಿಕ್ಷೆ ಮಾಲೀಕರಿಗೆ. ನಮ್ಮ ಆರ್‌ಸಿ ಇರುವುದು ಅತ್ತೆಯ ಹೆಸರಲ್ಲಿ. "ಆರ್‌ಟಿಒದಲ್ಲಿ ನಾನು ಮಾಡಿಸಿಕೊಡ್ತೇನೆ" ಎಂದು ಹೇಳಿದವರು ಈಗ ಎಲ್ಲಿದ್ದಾರೆ?

ಇನ್ನೊಂದು ನಷ್ಟವನ್ನು ನಾವು ಕೆಲಸ ಮುಗಿದ ಮೇಲೆ ತಿಳಿದುಕೊಂಡೆವು. 2021ರಲ್ಲಿ ವಿಂಟೇಜ್ ಗಾಡಿಗಳಿಗೆಂದೇ ನಿಯಮ ಬಂದಿದೆ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಪ್ರತ್ಯೇಕ ನೋಂದಣಿ ಸಿಗುತ್ತದೆ. ಹತ್ತು ವರ್ಷಕ್ಕೆ ಊರ್ಜಿತ. ಬಾಡಿ ಅಥವಾ ಇಂಜಿನ್ ಬದಲಾಗಿದ್ದರೆ ಇಲ್ಲ. ಮಾವನ ಕಾರಿಗೆ ಸರಿಯಾಗಿ ಆ ವಯಸ್ಸು ಬಂದಿತ್ತು.

ಜಿಪ್ಸಿ ಇಂಜಿನ್‌ಗೂ ಕಾಗದ ಇರಲಿಲ್ಲ. ಯಾವ ಗಾಡಿಯದು, ಅಪಘಾತದ್ದೋ, ಕಳವಿನದ್ದೋ, ಒಂದೂ ಗೊತ್ತಿಲ್ಲ. ವಕೀಲರ ಸಲಹೆ ಮೇಲೆ ನಾವೇ ಪೊಲೀಸ್ ಠಾಣೆಗೆ ಹೋಗಿ ಇಂಜಿನ್ ನಂಬರ್ ಕೊಟ್ಟು, ಬರಹದಲ್ಲಿ ದೂರು ನೀಡಿದ್ದೇವೆ. ಅಣ್ಣನ ಕೈ ವಾಸಿಯಾಗುತ್ತಿದೆ, ಬೆರಳು ಇನ್ನೂ ಪೂರ್ತಿ ಮಡಚಲು ಬರುವುದಿಲ್ಲ. ಕಾರು ಶೆಡ್‌ನಲ್ಲಿ ನಿಂತಿದೆ. ಮಂಗಳೂರಿನ ಮೆಕ್ಯಾನಿಕ್ ಅದೇ ಮಾದರಿಯ, ಕಾಗದ ಸರಿ ಇರುವ ಪದ್ಮಿನಿ ಇಂಜಿನ್ ಹುಡುಕುತ್ತಿದ್ದಾರೆ. ಸಿಕ್ಕಿದರೆ ಮೊದಲು ಆರ್‌ಟಿಒಗೆ ಅರ್ಜಿ, ಆಮೇಲೆ ಸ್ಪ್ಯಾನರ್.

ನಿಮ್ಮ ಗಾಡಿಯ ಇಂಜಿನ್ ಸೋತಿದ್ದರೆ ಅದನ್ನೇ ರಿಪೇರಿ ಮಾಡಿಸಿ. ಯಾರೇ ಕೇಳಿದರೂ ಹಳೆ ಇಂಜಿನ್ ಮನೆಯಿಂದ ಹೊರಗೆ ಹೋಗಲು ಬಿಡಬೇಡಿ. ಗಾಡಿಯಲ್ಲಿ ಒಂದು ಸಣ್ಣ ಎಬಿಸಿ ಪೌಡರಿನ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಹೊಗೆ ಕಂಡರೆ ಮೊದಲು ಕೀ ಆಫ್ ಮಾಡಿ, ಎಲ್ಲರೂ ಇಳಿಯಿರಿ. ಬಾನೆಟ್ ಪೂರ್ತಿ ಎತ್ತಬೇಡಿ.

ಈಗಾಗಲೇ ಹೀಗೆ ಎಂಪಿಎಫ್‌ಐ ಇಂಜಿನ್ ಹಾಕಿಸಿಕೊಂಡಿದ್ದರೆ ಇವತ್ತೇ ಒಂದು ಪರೀಕ್ಷೆ ಮಾಡಿ. ಸುತ್ತ ಸದ್ದಿಲ್ಲದ ಹೊತ್ತಲ್ಲಿ, ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಪಂಪಿನ ಗುಂಯ್ ಸದ್ದು ಎರಡು ಮೂರು ಸೆಕೆಂಡ್ ಕೇಳಿ ತಾನಾಗಿ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಕೀ ತೆಗೆದು, ಬ್ಯಾಟರಿ ವಯರ್ ಬಿಚ್ಚಿ. ವಯರಿಂಗ್ ಗೊತ್ತಿರುವವರು ಬಂದು ನೋಡುವ ತನಕ ಆ ಗಾಡಿಯನ್ನು ಅಂಗಳದಿಂದ ಹೊರಗೆ ತೆಗೆಯಬೇಡಿ.