ವಿಂಟೇಜಸ್‌ಗೆ ಹೊಸ ಸರಕು ಬಂದಿದೆ: ಏನು ಎತ್ತಿಕೊಳ್ಳಬೇಕು, ಏನು ಬಿಡಬೇಕು

ಕೆನಡಾದ ಒಂಟಾರಿಯೋದಲ್ಲಿ ಇರುವವರಿಗೆ ವೈನ್ ಅಂಗಡಿ ಅಂದರೆ ಎಲ್‌ಸಿಬಿಒ. 1927ರಿಂದ ನಡೆಯುತ್ತಿರುವ ಸರ್ಕಾರಿ ವ್ಯಾಪಾರ. 2024ರ ಸೆಪ್ಟೆಂಬರ್‌ನಿಂದ ಬೀದಿ ಮೂಲೆಯ ಅಂಗಡಿಗಳಲ್ಲೂ ವೈನ್ ಮಾರಬಹುದು ಅಂತ ಆಗಿದೆ ನಿಜ, ಆದರೆ ಅಲ್ಲಿ ಸಿಗುವುದು ಹೆಚ್ಚಾಗಿ ಎಲ್ಲರಿಗೂ ಗೊತ್ತಿರುವ ಬ್ರಾಂಡುಗಳೇ. ಹೊಸ ರುಚಿ ಏನಾದರೂ ನೋಡಬೇಕು ಅಂದರೆ ದೊಡ್ಡ ಎಲ್‌ಸಿಬಿಒ ಒಳಗಿನ ವಿಂಟೇಜಸ್ ವಿಭಾಗಕ್ಕೇ ಹೋಗಬೇಕು. ಅಲ್ಲಿಗೆ ಕಂತು ಕಂತಾಗಿ ಹೊಸ ಬಾಟಲಿಗಳು ಬರುತ್ತವೆ. ಬಂದದ್ದು ಖಾಲಿಯಾದರೆ ಮುಗಿಯಿತು, ಮತ್ತೆ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಎಸೆನ್ಷಿಯಲ್ಸ್ ಅಂತ ಬರೆದಿರುವವು ಮಾತ್ರ ವರ್ಷವಿಡೀ ಇರುತ್ತವೆ, ಅವಕ್ಕೆ ಅವಸರ ಬೇಡ.

ಹೊಸ ಸರಕು ಬಂದಾಗಲೆಲ್ಲ ಗೆಳೆಯರ ಪ್ರಶ್ನೆ ಒಂದೇ. "ಗುರೂ, 20–25 ಡಾಲರ್ ಒಳಗೆ ಏನ್ ಚೆನ್ನಾಗಿದೆ ಹೇಳು." ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿ ಸಾಕಾಗಿದೆ, ಇಲ್ಲೇ ಬರೆದುಬಿಡುತ್ತೇನೆ. ಇಂಥದ್ದೇ ಬಾಟಲಿ, ಇಂಥದ್ದೇ ವರ್ಷ ಅಂತ ಹೇಳಿದರೆ ನೀವು ಅಂಗಡಿಗೆ ಹೋಗುವಷ್ಟರಲ್ಲಿ ಅದು ಖಾಲಿಯಾಗಿರುತ್ತದೆ. ಅದಕ್ಕೇ ಯಾವ ಊರು, ಯಾವ ದ್ರಾಕ್ಷಿ ಅಂತ ಹೇಳುತ್ತೇನೆ. ಅದು ಮುಂದಿನ ಕಂತಿಗೂ ಆಗುತ್ತದೆ.

ನನ್ನ ಲೆಕ್ಕ ಇಷ್ಟೇ. ವೈನ್‌ನಲ್ಲಿ ಅರ್ಧ ದುಡ್ಡು ಹೋಗುವುದು ಊರಿನ ಹೆಸರಿಗೆ. ಬ್ಯಾಡಗಿ ಮೆಣಸಿನಕಾಯಿ ಅಂತ ಚೀಟಿ ಅಂಟಿಸಿದರೆ ಒಂದು ರೇಟು, ಪಕ್ಕದ ಊರಿನ ಹೊಲದಲ್ಲಿ ಅದೇ ಬೀಜದಿಂದ ಬೆಳೆದದ್ದಕ್ಕೆ ಇನ್ನೊಂದು ರೇಟು, ಇದೂ ಹಾಗೇ. ಇಟಲಿಯ ಬರೋಲೋ ನೋಡಿ. ಪೂರ್ತಿ ನೆಬ್ಬಿಯೋಲೋ ದ್ರಾಕ್ಷಿ, ಮಾರುಕಟ್ಟೆಗೆ ಬಿಡುವ ಮೊದಲು 38 ತಿಂಗಳು ಇಟ್ಟಿರಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಅಂತ ಕಾನೂನೇ ಇದೆ. ಸುಮಾರಾಗಿ ಚೆನ್ನಾಗಿರುವುದು ಬೇಕು ಅಂದರೂ ಇಲ್ಲಿ 40 ಡಾಲರ್ ದಾಟುತ್ತದೆ. ಅದೇ ಬೆಟ್ಟಗಳ ಕಡೆಯ ಅದೇ ದ್ರಾಕ್ಷಿ, ಎಷ್ಟೋ ಸಲ ಅದೇ ಮನೆತನದವರು ಮಾಡಿದ್ದು, ಲಾಂಗೆ ನೆಬ್ಬಿಯೋಲೋ ಅನ್ನುವ ಹೆಸರಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ. ಅಷ್ಟು ದಿನ ಕೂಡಿಟ್ಟಿರುವುದಿಲ್ಲ, ಗಾಂಭೀರ್ಯ ಸ್ವಲ್ಪ ಕಮ್ಮಿ. ಇವತ್ತು ರಾತ್ರಿಯೇ ಬಿರಡೆ ತೆಗೆಯುವವರಿಗೆ ಅದೇ ವಾಸಿ.

ಶೆಲ್ಫಿನ ಮುಂದೆ ನಿಂತಾಗ ಮೊದಲು ಕಣ್ಣಿಗೆ ಬೀಳುವುದು ಅಂಕ. 91, 92, 93. ಅದನ್ನು ನಾನು ನೋಡುವುದೇ ಬಿಟ್ಟಿದ್ದೇನೆ. ಅಂಕ ಕೊಡುವವರು ಹತ್ತಾರು ಜನ, ಮಾರುವವರು ಅದರಲ್ಲಿ ಜಾಸ್ತಿ ಇರುವುದನ್ನೇ ಅಂಟಿಸುತ್ತಾರೆ, ಯಾರಾದರೂ ಹಾಗೇ ಮಾಡುತ್ತಾರೆ ಅಲ್ವಾ. 100ಕ್ಕೆ ಅಂತ ಹೇಳಿದರೂ ಆ ಚೀಟಿಗಳಲ್ಲಿ 88ಕ್ಕಿಂತ ಕೆಳಗಿನದು ಕಾಣುವುದೇ ಅಪರೂಪ. ನಮ್ಮ ಕೆಲಸಕ್ಕೆ ಬರುವ ಅಂಕಿ ಬೇರೆ ಇದೆ. ಎಲ್‌ಸಿಬಿಒ ವೆಬ್‌ಸೈಟಿನಲ್ಲಿ ಹೆಚ್ಚಿನ ಬಾಟಲಿಗಳಿಗೆ ಲೀಟರಿಗೆ ಎಷ್ಟು ಗ್ರಾಂ ಸಕ್ಕರೆ ಅಂತ ಹಾಕಿರುತ್ತಾರೆ. ಇದು ನಿಜವಾಗಲೂ ದೊಡ್ಡ ಉಪಕಾರ. ಸಾಧಾರಣ ಡ್ರೈ, ಅಂದರೆ ಸಿಹಿಯಿಲ್ಲದ, ಕೆಂಪು ವೈನ್ ಆದರೆ 2ರಿಂದ 5 ಗ್ರಾಂ. 10, 12, 14 ಅಂತ ಇದ್ದರೆ ಅದು ಸಿಹಿ ಉಳಿಸಿ ನಯ ಮಾಡಿರುವ ಕೆಂಪು. 'ಸ್ಮೂತ್ ಆಗಿದೆ ಮಗಾ' ಅಂತ ಪಾರ್ಟಿಯಲ್ಲಿ ಹೊಗಳುವ ಎಷ್ಟೋ ಬಾಟಲಿಗಳ ಗುಟ್ಟು ಇಷ್ಟೇ. ಇಷ್ಟವಿದ್ದರೆ ಕುಡಿಯಿರಿ, ಯಾರೂ ಬೇಡ ಅನ್ನುವುದಿಲ್ಲ. ಗೊತ್ತಿದ್ದು ತಗೊಳ್ಳಿ ಅಷ್ಟೇ. ಅದೇ ಪುಟದಲ್ಲಿ ಯಾವ ಬ್ರಾಂಚಿನಲ್ಲಿ ಎಷ್ಟು ಬಾಟಲಿ ಇದೆ ಅಂತಲೂ ಕಾಣುತ್ತದೆ, ಸುಮ್ನೆ ಕಾರು ಓಡಿಸಿಕೊಂಡು ಹೋಗುವುದು ತಪ್ಪುತ್ತದೆ. ಎಲ್‌ಸಿಬಿಒ ಬೆಲೆ ಇಡೀ ಪ್ರಾಂತ್ಯದಲ್ಲಿ ಒಂದೇ. ಚೌಕಾಸಿಗೆ ಜಾಗವಿಲ್ಲ, ದೂರದ ಅಂಗಡಿಯಲ್ಲಿ ಕಮ್ಮಿ ಸಿಗಬಹುದು ಅನ್ನುವ ಆಸೆಯೂ ಬೇಡ.

ಇನ್ನು ಬಾಟಲಿಗಳ ವಿಷಯ.

ಕಣ್ಣು ಮುಚ್ಚಿ ಎತ್ತಿಕೊಳ್ಳುವುದು ಅಂದರೆ ನನಗೆ ಬೋಜೊಲೆಯ ಹಳ್ಳಿಗಳು. ಫ್ರಾನ್ಸಿನ ಬರ್ಗಂಡಿಯ ದಕ್ಷಿಣಕ್ಕೆ ಅಂಟಿಕೊಂಡ ಜಾಗ, ದ್ರಾಕ್ಷಿ ಗಾಮೇ. ನವೆಂಬರಿನ ಮೂರನೇ ಗುರುವಾರ ಬರುವ ನೂವೋ ಅನ್ನುವ ಎಳಸು ವೈನ್ ಕುಡಿದು ಎಷ್ಟೋ ಜನ 'ಬೋಜೊಲೆ ಅಂದರೆ ಜ್ಯೂಸು' ಅಂತ ತೀರ್ಮಾನ ಮಾಡಿಬಿಟ್ಟಿದ್ದಾರೆ. ಅದರ ಲಾಭ ನಮಗೆ. ಅಲ್ಲಿ ಹತ್ತು ಹೆಸರಿನ ವೈನ್‌ಗೆ ಬೇರೆಯೇ ಗೌರವ, ಅವಕ್ಕೆ ಕ್ರೂ ಅನ್ನುತ್ತಾರೆ. ಲೇಬಲ್ ಮೇಲೆ ಹಳ್ಳಿಯ ಹೆಸರೇ ದೊಡ್ಡದಾಗಿ ಇರುತ್ತದೆ, ಗಾಮೇ ಅಂತ ಬರೆದಿರುವುದೇ ಕಮ್ಮಿ. ಗೊತ್ತಿಲ್ಲದವರು ಮುಂದೆ ಹೋಗಿಬಿಡುತ್ತಾರೆ. ಮೊರ್ಗೊಂ, ಫ್ಲೂರಿ, ಮೂಲಾಂ-ಆ-ವಾಂ ಈಗಾಗಲೇ ಹೆಸರು ಮಾಡಿ ಬೆಲೆ ಏರಿಸಿಕೊಂಡಿವೆ. ಶೆನಾಸ್, ರೆನ್ಯೆ, ಜುಲಿಯೆನಾಸ್ ಅಂತ ಕಂಡರೆ ನಿಲ್ಲಿ. ಕುಡಿಯುವ ಮೊದಲು ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಡಿ. ಕೆಂಪು ವೈನ್ ತಣ್ಣಗೆ ಮಾಡಬಾರದು ಅನ್ನುವ ಮಾತನ್ನು ಇದಕ್ಕೆ ಹಚ್ಚಬೇಡಿ.

ಗಾಮೇ ನಮಗೆ ಯಾಕೆ ಒಗ್ಗುತ್ತದೆ ಅಂದರೆ ಅದರಲ್ಲಿ ಒಗರು ಕಮ್ಮಿ, ಹುಳಿ ಜಾಸ್ತಿ. ಒಗರು ಜಾಸ್ತಿ ಇರುವ, ಆಲ್ಕೋಹಾಲ್ 14.5 ಪರ್ಸೆಂಟ್ ಅಂತ ಬರೆದಿರುವ ಕೆಂಪನ್ನು ಖಾರದ ಊಟದ ಜೊತೆ ಕುಡಿದು ನೋಡಿ, ಖಾರ ನಾಲಿಗೆಯ ಮೇಲೆ ಇಮ್ಮಡಿಯಾಗುತ್ತದೆ, ವೈನ್ ಕಹಿಯಾಗುತ್ತದೆ. ಎರಡೂ ಕೆಟ್ಟವು. ಪಂದಿ ಕರಿಗೆ ಕಾಚಂಪುಳಿಯ ಹುಳಿ, ಮೆಣಸಿನ ಕಾಳಿನ ಘಾಟು, ಹಂದಿಯ ಕೊಬ್ಬು ಮೂರೂ ಇದೆಯಲ್ಲ, ತಣ್ಣನೆ ಗಾಮೇ ಅದಕ್ಕೆ ಹೇಳಿ ಮಾಡಿಸಿದ ಹಾಗೆ. ಒಂದು ತುತ್ತು, ಒಂದು ಗುಟುಕು. ಕೊಬ್ಬಿನ ಜಿಡ್ಡು ನಾಲಿಗೆಯಿಂದ ಜಾರಿ ಹೋಗಿ ಚೆರ್ರಿ ಹಣ್ಣಿನ ಹುಳಿ ಮಾತ್ರ ಉಳಿಯುತ್ತದೆ, ಕೈ ತಾನಾಗಿಯೇ ಮುಂದಿನ ತುಂಡಿಗೆ ಹೋಗುತ್ತದೆ. ನಾಟಿ ಕೋಳಿ ಸಾರಿಗೂ ನಡೆಯುತ್ತದೆ.

ಪೋರ್ಚುಗಲ್ಲಿನ ಡಾಂವ್ ಇನ್ನೊಂದು. ಮೇಲಿನ ಡೋರೋ ಕಣಿವೆ ಪೋರ್ಟ್ ವೈನ್‌ಗೆ ಹೆಸರುವಾಸಿ, ಅದಕ್ಕೆ ಜನ ಅಲ್ಲೇ ನಿಲ್ಲುತ್ತಾರೆ. ಡಾಂವ್ ಅದರ ದಕ್ಷಿಣಕ್ಕೆ, ಸುತ್ತ ಬೆಟ್ಟ, ನೆಲದಲ್ಲಿ ಗ್ರಾನೈಟ್. ಟುರೀಗಾ ನಾಸಿಯೋನಾಲ್, ಜಾಎನ್, ಆಲ್ಫ್ರೊಶೇರೊ ಅಂತ ಬಾಯಿಗೆ ಬಾರದ ದ್ರಾಕ್ಷಿಗಳು. 20 ಡಾಲರ್ ಆಸುಪಾಸಿನಲ್ಲಿ ಇಷ್ಟು ಹದವಾದ ಕೆಂಪು ಬೇರೆ ಕಡೆ ಸಿಗುವುದು ಕಷ್ಟ. ಅಲ್ಲಿನ ಬಿಳಿ ದ್ರಾಕ್ಷಿ ಎನ್‌ಕ್ರುಜಾದು ಕಂಡರೂ ಬಿಡಬೇಡಿ, ಯಾವಾಗಲೋ ಒಮ್ಮೆ ಬರುತ್ತದೆ.

ದಕ್ಷಿಣ ಆಫ್ರಿಕಾದ ಶೆನಿನ್ ಬ್ಲಾಂಕ್ ಅನ್ನುವ ಬಿಳಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಗ್ಗದ ಬ್ರಾಂದಿ ಕಾಯಿಸಲಿಕ್ಕೆ ಅಂತ ಅಲ್ಲಿ ರಾಶಿ ರಾಶಿ ಶೆನಿನ್ ನೆಟ್ಟಿದ್ದರು. ಆ ಬಳ್ಳಿಗಳಲ್ಲಿ ಕಿತ್ತು ಹಾಕದೆ ಉಳಿದವು ಈಗ ಮುದಿಯಾಗಿವೆ. ಫಸಲು ಕಮ್ಮಿ, ರುಚಿ ಗಟ್ಟಿ. 35 ವರ್ಷ ದಾಟಿದ ತೋಟಗಳಿಗೆ ಅಲ್ಲಿನ ಓಲ್ಡ್ ವೈನ್ (Old Vine, ಹಳೇ ಬಳ್ಳಿ) ಪ್ರಾಜೆಕ್ಟ್ ಅನ್ನುವ ಸಂಸ್ಥೆ 2018ರಿಂದ ಒಂದು ಮುದ್ರೆ ಕೊಡುತ್ತಿದೆ. ಬಾಟಲಿಯ ಕತ್ತು ನೋಡಿ, ಸಣ್ಣ ಗುಂಡು ಚೀಟಿ ಅಂಟಿಸಿರುತ್ತಾರೆ, ಅದರಲ್ಲಿ ಬಳ್ಳಿ ನೆಟ್ಟ ವರ್ಷ ಇರುತ್ತದೆ. 'ಹಳೇ ಬಳ್ಳಿ' ಅಂತ ಯಾರು ಬೇಕಾದರೂ ಲೇಬಲ್ಲಿನಲ್ಲಿ ಬರೆದುಕೊಳ್ಳಬಹುದಾದ ಈ ಧಂಧೆಯಲ್ಲಿ ಇಸವಿ ಹಾಕಿ ತೋರಿಸುವವರು ಕಮ್ಮಿ. ಕೋರಿ ಗಸ್ಸಿಯ ಜೊತೆ ಇದೇ ನನ್ನ ಆಯ್ಕೆ. ತೆಂಗಿನ ಹಾಲಿಗೆ ತೂಕ ಇರುವ ಬಿಳಿ ಬೇಕು, ತೆಳ್ಳಗಿನದು ಮುಳುಗಿ ಹೋಗುತ್ತದೆ.

ಮೀನು ಕರಿಯುವ ಮನೆಯವರಿಗೆ ಮಸ್ಕಡೆ ಅನ್ನುವ ಫ್ರೆಂಚ್ ಬಿಳಿ. ಲುವಾರ್ ನದಿ ಸಮುದ್ರ ಸೇರುವ ಕಡೆ, ನಾಂತ್ ಊರಿನ ಸುತ್ತ ಬೆಳೆಯುವುದು. ಮಸ್ಕಟ್ ದ್ರಾಕ್ಷಿಗೂ ಇದಕ್ಕೂ ಸಂಬಂಧವಿಲ್ಲ, ಸಿಹಿಯೂ ಇಲ್ಲ, ಪರಿಮಳವೂ ಅಷ್ಟಕ್ಕಷ್ಟೇ. ಲೇಬಲ್ ಮೇಲೆ ಸ್ಯೂರ್ ಲೀ ಅಂತ ಇರಲಿ, ಅಂದರೆ ಹುದುಗಿನ ಗಸಿಯ ಮೇಲೇ ಚಳಿಗಾಲ ಕಳೆದದ್ದು. 12 ಪರ್ಸೆಂಟ್ ಆಸುಪಾಸು ಆಲ್ಕೋಹಾಲ್, ಉಪ್ಪುಪ್ಪು, ನಿಂಬೆ ಹಿಂಡಿದ ಹಾಗೆ. ಅಂಜಲ್ ರವಾ ಫ್ರೈ ಬಿಸಿಯಾಗಿ ತಟ್ಟೆಗೆ ಬರುವ ಹೊತ್ತಿಗೆ ಇದು ಗ್ಲಾಸಿನಲ್ಲಿ ಇರಬೇಕು. ಬೆಲೆಯೂ ಫ್ರೆಂಚ್ ವೈನ್ ಅಂತ ನಂಬಲಾಗದಷ್ಟು ಕಮ್ಮಿ.

ಇಷ್ಟೆಲ್ಲ ಹೊರಗಿನದು ಹೇಳಿ ಇಲ್ಲಿಯದನ್ನು ಬಿಟ್ಟರೆ ನ್ಯಾಯವಲ್ಲ. ನಯಾಗರದ ರೀಸ್ಲಿಂಗ್, ಇದೂ ಬಿಳಿಯೇ. ಜಲಪಾತ ನೋಡಿ ಫೋಟೋ ತೆಗೆದುಕೊಂಡು ವಾಪಸ್ ಬರುವ ನಮ್ಮವರು ದಾರಿಯಲ್ಲಿರುವ ತೋಟಗಳಿಗೆ ಕಾಲಿಡುವುದೇ ಇಲ್ಲ. ಬಿಸಿಬೇಳೆ ಬಾತ್, ಆಂಧ್ರದ ಊಟ, ಹಸಿಮೆಣಸಿನಕಾಯಿ ಹಾಕಿದ ಯಾವುದೇ ಅಡುಗೆಗೆ ಸ್ವಲ್ಪ ಸಿಹಿ ಉಳಿಸಿದ ರೀಸ್ಲಿಂಗ್ ಒಳ್ಳೆಯದು, ಲೀಟರಿಗೆ 15–20 ಗ್ರಾಂ ಇರಲಿ ಪರವಾಗಿಲ್ಲ, ಹುಳಿ ಅಷ್ಟಿರುವುದರಿಂದ ಸಿಹಿ ಗೊತ್ತೇ ಆಗುವುದಿಲ್ಲ, ಖಾರ ಮಾತ್ರ ತಣ್ಣಗಾಗುತ್ತದೆ. ಹೌದು, ಮೇಲೆ ಸಕ್ಕರೆಗೆ ಬೈದವನೇ ನಾನು. ಕೆಂಪಿನ ಲೆಕ್ಕ ಬೇರೆ, ರೀಸ್ಲಿಂಗ್ ಲೆಕ್ಕ ಬೇರೆ. ಒಂದು ಮಾತು ನೆನಪಿಡಿ: ಒಂಟಾರಿಯೋ ಬಾಟಲಿಯ ಮೇಲೆ ವಿಕ್ಯುಎ (VQA) ಅನ್ನುವ ಗುಣಮಟ್ಟದ ಗುರುತು ಇದ್ದರೆ ಪೂರ್ತಿ ಒಂಟಾರಿಯೋ ದ್ರಾಕ್ಷಿ ಅನ್ನುವ ಖಾತ್ರಿ. ಕೆನಡಾದ ಹೆಸರು ಹಾಕಿಕೊಂಡ ಅಗ್ಗದ ಬಾಟಲಿಗಳ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ 'ಆಮದು ಮತ್ತು ದೇಶೀ ವೈನ್‌ಗಳ ಮಿಶ್ರಣ' ಅನ್ನುವ ಅರ್ಥದ ಸಾಲು ಇರುತ್ತದೆ, ಬಾಟಲಿ ತಿರುಗಿಸಿ ಓದಿ.

ಹಬ್ಬಕ್ಕೆ, ಗೃಹಪ್ರವೇಶದ ಸಂಜೆಗೆ ಬುರುಗು ವೈನ್ ಬೇಕು ಅಂದರೆ ಶಾಂಪೇನ್ ಬಿಡಿ, ಕ್ರೆಮಾಂ ನೋಡಿ. ಫ್ರಾನ್ಸಿನ ಲಿಮೂ, ಲುವಾರ್, ಅಲ್ಸಾಸ್ ಎಲ್ಲ ಕಡೆಯದೂ ಬರುತ್ತದೆ. ಬಾಟಲಿಯ ಒಳಗೇ ಎರಡನೇ ಸಲ ಹುದುಗು ಬರಿಸುವ ವಿಧಾನ ಎರಡಕ್ಕೂ ಒಂದೇ. ಶಾಂಪೇನನ್ನು ಕನಿಷ್ಠ 15 ತಿಂಗಳು ಬಾಟಲಿಯಲ್ಲಿ ಇಡಬೇಕು. ಕ್ರೆಮಾಂ ಗಸಿಯ ಜೊತೆ 9 ತಿಂಗಳು ಇದ್ದರೆ ಸಾಕು. ಬೆಲೆ ಅರ್ಧಕ್ಕಿಂತ ಕಮ್ಮಿ. ಮದ್ದೂರು ವಡೆ ಜೊತೆ ಕೊಟ್ಟು ನೋಡಿ, ಶಾಂಪೇನ್ ಎಲ್ಲಿ ಅಂತ ಕೇಳುವವರು ಯಾರೂ ಇರುವುದಿಲ್ಲ.

ಬಿಡಬೇಕಾದವು? ಗ್ರೀಸಿನ ಸಾಂತೊರಿನಿ ದ್ವೀಪದ ಬಿಳಿ ಅಸಿರ್ಟಿಕೊ ಅದ್ಭುತ, ಆದರೆ ಅದೂ ಹೆಸರಾಗಿ ಬೆಲೆ ಕೈ ಮೀರಿದೆ. ಗ್ರೀಸಿನದೇ ನೌಸಾದ ಕೆಂಪು ಕ್ಸಿನೋಮಾವ್ರೊ ಇನ್ನೂ ಅಗ್ಗ, ಆದರೆ ಒಗರು ಜೋರು, ಖಾರವಿಲ್ಲದ ಮಟನ್ ಜೊತೆ ಮಾತ್ರ. ಇಟಲಿಯ ರಿಪಾಸ್ಸೊ ಅನ್ನುವ ಕೆಂಪು ಎಲ್ಲರ ಮನೆಯ ಪಾರ್ಟಿಯಲ್ಲೂ ಇರುತ್ತದೆ, ನನಗೆ ಸಾಕಾಗಿದೆ. ಕೈಯಲ್ಲಿ ಹಿಡಿದರೆ ಕಲ್ಲಿನ ಹಾಗೆ ಭಾರ ಇರುವ ಬಾಟಲಿಗಳನ್ನು ನಾನು ವಾಪಸ್ ಇಟ್ಟುಬಿಡುತ್ತೇನೆ, ಗಾಜಿಗೆ ದುಡ್ಡು ಕೊಡುವುದು ಯಾಕೆ. ಮಸ್ಕಡೆ, ವಿನ್ಯೊ ವೆರ್ದೆಯಂಥ ತಾಜಾ ಬಿಳಿಗಳಲ್ಲಿ ನಾಲ್ಕೈದು ವರ್ಷ ಹಳೆಯದು ಅಗ್ಗಕ್ಕೆ ಕಂಡರೆ ಆಸೆ ಬೀಳಬೇಡಿ, ಒಳ್ಳೆ ಮನೆತನದ ಕೆಲವು ಮಸ್ಕಡೆ ಬಿಟ್ಟರೆ ಉಳಿದವು ಸಪ್ಪೆಯಾಗಿರುತ್ತವೆ.

2025ರ ಮಾರ್ಚ್‌ನಲ್ಲಿ ಸುಂಕದ ಜಗಳದಿಂದ ಅಮೆರಿಕದ ವೈನ್ ಶೆಲ್ಫಿನಿಂದ ಇಳಿಸಿದಾಗ ಕ್ಯಾಲಿಫೋರ್ನಿಯಾ ಪ್ರಿಯರು ಗೋಳಾಡಿದರು. ನನಗೆ ಹೇಳುವಂಥ ಬೇಜಾರೇನೂ ಆಗಲಿಲ್ಲ. ಆ ಬೆಲೆಗೆ ಮೇಲಿನವು ಎರಡೆರಡು ಬರುತ್ತವೆ. ಇನ್ನು ಬೆಂಗಳೂರಿನಿಂದ ಬರುವ ನೆಂಟರು ಇಲ್ಲಿನ ಬೆಲೆ ನೋಡಿ ಕಣ್ಣು ಬಿಡುವುದಕ್ಕೆ ಕಾರಣವಿದೆ. ಅಲ್ಲಿ ಆಮದು ವೈನ್ ಮೇಲೆ ಬಹಳ ವರ್ಷ 150 ಪರ್ಸೆಂಟ್ ಕಸ್ಟಮ್ಸ್ ಸುಂಕ, ಅದರ ಮೇಲೆ ರಾಜ್ಯದ ಅಬಕಾರಿ. ಸೂಟ್‌ಕೇಸಿನಲ್ಲಿ ಸುತ್ತಿಕೊಂಡು ಹೋಗುವವರಿಗೆ ನಾನು ಕೊಡುವುದು ಹೆಪ್ಪುಗಟ್ಟಿದ ದ್ರಾಕ್ಷಿಯ ಸಿಹಿ ಐಸ್‌ವೈನ್ ಅಲ್ಲ, ಅದು ಏರ್‌ಪೋರ್ಟಿನಲ್ಲೂ ಸಿಗುತ್ತದೆ. ಒಂದು ರೀಸ್ಲಿಂಗ್.

ರಸೀದಿ ಬಿಸಾಡಬೇಡಿ. ಬಿರಡೆ ತೆಗೆದ ಕೂಡಲೇ ಒದ್ದೆ ರಟ್ಟಿನ ವಾಸನೆ ಬಂದರೆ ಅದು ಕಾರ್ಕ್ ಕೆಟ್ಟದ್ದು, ನಿಮ್ಮ ಮೂಗಿನ ದೋಷವಲ್ಲ. ಚೆಲ್ಲದೆ ಮತ್ತೆ ಮುಚ್ಚಿ 30 ದಿನದೊಳಗೆ ರಸೀದಿ ಜೊತೆ ತೆಗೆದುಕೊಂಡು ಹೋಗಿ. ಈ ಕಂತಿನಲ್ಲಿ ಒಂದೇ ಒಂದು ತಗೊಳ್ಳುವುದಾದರೆ ಯಾವುದು ಅಂತ ಕೇಳಿದರೆ, ಶೆನಾಸ್ ಅಥವಾ ರೆನ್ಯೆ, ಯಾವುದು ಸಿಕ್ಕರೆ ಅದು. ಎರಡು ಅಂದರೆ ಜೊತೆಗೆ ಮುದ್ರೆ ಇರುವ ಶೆನಿನ್.